ಡ್ರಿಲ್ ಮಷಿನ್‌ನ ಚಕ್ ಪದೇ ಪದೇ ಕಳಚಿ ಬೀಳುತ್ತಿದೆ, ತೂತೂ ದೊಡ್ಡದಾಗುತ್ತಿದೆ. ಬೇರಿಂಗ್ ಹೋಗಿದೆಯಾ?

ಅರೆಬರೆ ಫಿಟ್ಟರ್

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್‌ನಲ್ಲಿ ನನ್ನದೊಂದು ಬೆಂಚ್ ಡ್ರಿಲ್ ಮಷಿನ್ ಇದೆ. ಹಳೆಯದು, ಇನ್ನೊಬ್ಬರಿಂದ ಕೊಂಡಿದ್ದು. 13 ಎಂಎಂ ಚಕ್ (ಬಿಟ್ ಹಿಡಿಯುವ ಭಾಗ), ಸ್ಪಿಂಡಲ್‌ನಲ್ಲಿ, ಅಂದರೆ ತಿರುಗುವ ದಂಡದಲ್ಲಿ, ಎರಡನೇ ನಂಬರ್ ಮೋರ್ಸ್ ಟೇಪರ್ (ಒಳಕ್ಕೆ ಹೋದಂತೆ ಕಿರಿದಾಗುವ ತೂತು), ಐದು ಸ್ಪೀಡಿನ ಮೆಟ್ಟಿಲು ಪುಲ್ಲಿ. ಒಂದು ವರ್ಷ ಏನೂ ತಕರಾರಿಲ್ಲದೆ ಓಡಿತು. ಈಗ ಎರಡು ತಿಂಗಳಿಂದ ಎರಡು ತೊಂದರೆ.

ಒಂದು, ಚಕ್ ಕಳಚಿ ಬೀಳುತ್ತದೆ, ಆರ್ಬರ್ (ಚಕ್ ಅನ್ನು ಸ್ಪಿಂಡಲ್‌ಗೆ ಸೇರಿಸುವ ದಂಡ) ಸಮೇತ. ಕೊರೆಯಲು ಶುರು ಮಾಡಿದಾಗ ಅಲ್ಲ, ಬಿಟ್ ಇನ್ನೇನು ಆಚೆ ಬದಿಗೆ ಬರಬೇಕು ಅನ್ನುವ ಹೊತ್ತಿಗೆ ಸರಿಯಾಗಿ. ನಿನ್ನೆಯಂತೂ ಬಿಟ್ ತೂತಿನಲ್ಲೇ ಸಿಕ್ಕಿಕೊಂಡು ಚಕ್ ಅದರ ಮೇಲೆ ನೆಟ್ಟಗೆ ನಿಂತುಬಿಟ್ಟಿತ್ತು, ಮೇಲೆ ಸ್ಪಿಂಡಲ್ ಮಾತ್ರ ಖಾಲಿ ತಿರುಗುತ್ತಿತ್ತು. ನೋಡಲು ತಮಾಷೆಯಾಗಿತ್ತು, ಆದರೆ ಅದೇ ಕಾಲಿನ ಮೇಲೆ ಬಿದ್ದಿದ್ದರೆ?

ಎರಡು, ತೂತು ಅಳತೆಗಿಂತ ದೊಡ್ಡದಾಗುತ್ತಿದೆ. 10 ಎಂಎಂ ಬಿಟ್ ಹಾಕಿ ಕೊರೆದರೆ ವರ್ನಿಯರ್‌ನಲ್ಲಿ 10.4 ತೋರಿಸುತ್ತದೆ. ಬೋಲ್ಟ್ ಒಳಗೆ ಲೊಡಲೊಡ ಅನ್ನುತ್ತದೆ. 6 ಎಂಎಂ ಬಿಟ್‌ನಲ್ಲಿ ಇಷ್ಟು ಗೊತ್ತಾಗುವುದಿಲ್ಲ.

ಟೇಪರ್‌ಗೆ ತುಕ್ಕು ಹಿಡಿಯಬಾರದು ಅಂತ ಒಳಗೆಲ್ಲ ಚೆನ್ನಾಗಿ ಗ್ರೀಸ್ ಹಚ್ಚಿದ್ದೇನೆ, ಆದರೂ ಪ್ರಯೋಜನ ಇಲ್ಲ. ಬೇರಿಂಗ್ ಹೋಗಿದೆ ಅಂತ ನನ್ನ ಲೆಕ್ಕ. ಬೇರಿಂಗ್ ಕೀಳುವ ಪುಲ್ಲರ್ ಒಂದನ್ನು ಕೇಳಿ ತಂದಿದ್ದೇನೆ. ಈ ಭಾನುವಾರ ಸ್ಪಿಂಡಲ್ ಬಿಚ್ಚೋಣ ಅಂತ. ಬಿಚ್ಚುವ ಮೊದಲು ಏನಾದರೂ ನೋಡಬೇಕಾ?

ಮೂಲೆಮಟ್ಟ

ಮೊದಲು ಆ ಪುಲ್ಲರ್ ಕೆಳಗಿಡಿ.

ಚಕ್ ಬೀಳುವುದು ಟೇಪರ್‌ನ ರೋಗ, ಬೇರಿಂಗ್‌ನದ್ದಲ್ಲ. ಮೋರ್ಸ್ ಟೇಪರ್‌ನ ಇಳಿಜಾರು ತುಂಬಾ ಕಡಿಮೆ, ಸುಮಾರು 20 ಎಂಎಂ ಉದ್ದಕ್ಕೆ ದಪ್ಪ 1 ಎಂಎಂ ಇಳಿಯುತ್ತದೆ ಅಷ್ಟೇ. ಹಾಗಾಗಿಯೇ ಒಮ್ಮೆ ಒಳಗೆ ತಳ್ಳಿದರೆ ಕಚ್ಚಿಕೊಂಡು ಕೂರುತ್ತದೆ, ತೆಗೆಯಬೇಕಾದರೆ ಪಕ್ಕದ ಕಂಡಿಯಲ್ಲಿ ಡ್ರಿಫ್ಟ್ (ಬೆಣೆಯಾಕಾರದ ಪಟ್ಟಿ) ತೂರಿಸಿ ಹೊಡೆಯಬೇಕು. ಹಿಡಿಯುವುದೂ ತಿರುಗಿಸುವುದೂ ಎರಡೂ ಆ ಘರ್ಷಣೆಯೇ. ಆರ್ಬರ್ ತುದಿಯಲ್ಲಿ ಚಪ್ಪಟೆ ಬಾಲ (ಟ್ಯಾಂಗ್) ಇದೆಯಲ್ಲ, ಅದೇ ತಿರುಗಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದಿರುವುದು ಮುಖ್ಯವಾಗಿ ಡ್ರಿಫ್ಟ್ ತಳ್ಳುವುದಕ್ಕೆ. ತಿರುಗಿಸುವ ಕೆಲಸ ಅದರ ಮೇಲೆ ಬಿದ್ದರೆ ಮುರಿದೇ ಹೋಗುತ್ತದೆ.

ಈಗ ಆ ಘರ್ಷಣೆಯಿಂದಲೇ ನಿಂತಿರುವ ಜಾಗಕ್ಕೆ ನೀವು ಗ್ರೀಸ್ ಹಚ್ಚಿದ್ದೀರಿ. ಏನು ಹೇಳಲಿ.

ಕೊನೆಯ ಹೊತ್ತಿಗೇ ಬೀಳುವುದಕ್ಕೂ ಕಾರಣವಿದೆ. ಕೊರೆಯುವಾಗ ನೀವು ಲಿವರ್ ಒತ್ತುತ್ತಿರುತ್ತೀರಿ, ಆ ಒತ್ತಡ ಆರ್ಬರ್ ಅನ್ನು ಮೇಲಕ್ಕೆ, ಟೇಪರ್ ಒಳಕ್ಕೇ ತಳ್ಳುತ್ತದೆ. ಸಡಿಲ ಇದ್ದರೂ ಗೊತ್ತಾಗುವುದಿಲ್ಲ. ಬಿಟ್‌ನ ಮೂತಿ ಆಚೆ ಬಂದ ಕೂಡಲೇ ಉಳಿದ ತೆಳು ಅಂಚಿಗೆ ಬಿಟ್‌ನ ಸುರುಳಿ ಕಚ್ಚಿಕೊಂಡು ಸ್ಕ್ರೂ ತರಹ ತನ್ನನ್ನು ತಾನೇ ಕೆಳಗೆ ಎಳೆದುಕೊಳ್ಳುತ್ತದೆ. ಆಗ ಮೇಲಿನ ಹಿಡಿತ ಗಟ್ಟಿ ಇಲ್ಲದಿದ್ದರೆ ಚಕ್ ಕೈಗೆ ಬರುತ್ತದೆ.

ಪ್ಲಗ್ ತೆಗೆದು (ಸ್ವಿಚ್ ಆಫ್ ಸಾಲದು), ಸ್ಪಿಂಡಲ್‌ನ ಸಾಕೆಟ್ (ಆರ್ಬರ್ ಕೂರುವ ತೂತು) ಒಳಗೆ ಮತ್ತು ಆರ್ಬರ್ ಮೇಲೆ ಇರುವ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ. ಅಲ್ಲಿಗೇ ನಿಲ್ಲಿಸಬೇಡಿ, ಸೀಮೆಎಣ್ಣೆಯೇ ಒಂದು ಎಣ್ಣೆಯ ಪದರ ಬಿಟ್ಟಿರುತ್ತದೆ. ಆಮೇಲೆ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಇನ್ನೊಮ್ಮೆ, ಬಾಗಿಲು ತೆಗೆದಿಟ್ಟು. ಬಟ್ಟೆ ಬಿಳಿಯಾಗಿಯೇ ವಾಪಸ್ ಬರುವವರೆಗೆ.

ಒಂದು ಕೇಳಬೇಕು. ಆ ಮಷಿನ್‌ನಲ್ಲಿ ಕೊರೆಯುವುದು ಬಿಟ್ಟು ಬೇರೆ ಏನಾದರೂ ಮಾಡಿದ್ದೀರಾ?

ಟಕಾಟಕ್

ಇಷ್ಟೆಲ್ಲ ಯಾಕೆ ಸುಮ್ನೆ. ಹಳೇ ಮಷಿನ್ ಅಂದಮೇಲೆ ಬೇರಿಂಗ್ ಬದಲಾಯಿಸಿ, ಒಂದು ಚಿಂತೆ ಕಳೆಯಿತು. ಚಕ್ ಬೀಳುವುದಕ್ಕೆ ಟೇಪರ್‌ಗೆ ಲಾಕ್‌ಟೈಟ್ ಎರಡು ಹನಿ ಹಾಕಿ. ನಾನು ಹಾಗೇ ಮಾಡಿದ್ದೇನೆ, ಮೂರು ವರ್ಷದಿಂದ ಅಲ್ಲಾಡಿಲ್ಲ.

ತುಕ್ಕು

ಟಕಾಟಕ್ ಅವರೇ, ನಿಮ್ಮದು ಅಲ್ಲಾಡಿಲ್ಲ ಸರಿ, ಇನ್ನು ಮುಂದೆ ತೆಗೆಯಬೇಕು ಅಂದರೂ ಅಲ್ಲಾಡುವುದಿಲ್ಲ. ಸ್ಪಿಂಡಲ್ ಟೇಪರ್‌ಗೆ ಅಂಟು ಹಾಕಿದರೆ ನಾಳೆ ಟೇಪರ್ ಶ್ಯಾಂಕ್ ಬಿಟ್ ಹಾಕುವ ಹಾಗೂ ಇಲ್ಲ, ತೆಗೆಯಬೇಕಾದರೆ ಬಿಸಿ ಮಾಡಬೇಕು. ಬಿಸಿ ಮಾಡಿದರೆ ಮೇಲಿರುವ ಬೇರಿಂಗ್‌ನ ಗ್ರೀಸ್ ಕರಗಿ ಇಳಿಯುತ್ತದೆ. ಚೆನ್ನಾಗಿರೋ ಬೇರಿಂಗ್ ಆಗ ನಿಜವಾಗಿ ಹೋಗುತ್ತದೆ.

ಫಿಟ್ಟರ್ ಅವರೇ, ಬೇರಿಂಗ್ ಬಗ್ಗೆ ಊಹೆ ಬೇಡ, ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬೆಲ್ಟ್ ತೆಗೆದುಬಿಡಿ. ಸ್ಪಿಂಡಲ್ ಅನ್ನು ಬೆರಳಲ್ಲಿ ನಿಧಾನ ತಿರುಗಿಸಿ. ಹೋದ ಬೇರಿಂಗ್ ಆದರೆ ಮರಳು ಸಿಕ್ಕಿದ ಹಾಗೆ ಗರಗರ ಅನ್ನುವುದು ಬೆರಳಿಗೇ ತಿಳಿಯುತ್ತದೆ. ಕ್ವಿಲ್ (ಲಿವರ್ ಒತ್ತಿದರೆ ಸ್ಪಿಂಡಲ್ ಸಮೇತ ಇಳಿಯುವ ಕೊಳವೆ) ಮೇಲೆ ಇರುವಾಗ ಸ್ಪಿಂಡಲ್ ಮೂತಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಕ್ವಿಲ್ ಪೂರ್ತಿ ಕೆಳಗೆ ಇಳಿಸಿ ಅಲ್ಲಾಡಿಸಿದರೆ ಎಂಥ ಮಷಿನ್ ಆದರೂ ಸ್ವಲ್ಪ ಓಲಾಡುತ್ತದೆ, ಅದು ಕ್ವಿಲ್‌ಗೂ ಎರಕದ ಮೈಗೂ ನಡುವಿನ ಸಡಿಲ. ಅದನ್ನು ನೋಡಿಯೇ ಎಷ್ಟೋ ಜನ ಒಳ್ಳೆ ಬೇರಿಂಗ್ ಕಿತ್ತು ಹಾಕುತ್ತಾರೆ. ನಾನೂ ಒಂದು ಸಲ ಹಾಕಿದ್ದೇನೆ.

ಡಯಲ್ ಗೇಜ್ (ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇದೆಯಾ? 0.01 ಎಂಎಂನದು ಸಾಕು. ಇದ್ದರೆ ಮ್ಯಾಗ್ನೆಟ್ ಬೇಸ್ ಅನ್ನು ಟೇಬಲ್ ಮೇಲೆ ಕೂರಿಸಿ, ಮೇಲಿಂದ ಕೆಳಗೆ ಒಂದೊಂದೇ ಮೆಟ್ಟಿಲು ಅಳೆಯುತ್ತಾ ಬನ್ನಿ. ಮೊದಲು ಚಕ್ ಇಲ್ಲದೆ ಸ್ಪಿಂಡಲ್‌ನ ಸಾಕೆಟ್ ಒಳಗೋಡೆ (ಇದಕ್ಕೆ ಲಿವರ್ ತರಹದ ಸಣ್ಣ ಗೇಜ್ ಇದ್ದರೆ ಸುಲಭ). ಆಮೇಲೆ ಬರೀ ಆರ್ಬರ್ ಹಾಕಿ ಅದರ ಮೇಲೆ. ಕೊನೆಗೆ ಚಕ್ ಹಾಕಿ, ನೆಟ್ಟಗಿರುವ ಒಂದು ಗುಂಡು ರಾಡ್ ಹಿಡಿಸಿ ಅದರ ಮೇಲೆ. ಡ್ರಿಲ್ ಬಿಟ್‌ನ ಮೇಲೆ ಅಳೆಯಬೇಡಿ, ಸುರುಳಿ ಕಂಡಿಯಲ್ಲಿ ಮುಳ್ಳು ಕುಣಿಯುತ್ತದೆ. ಮೋಟರ್‌ನಿಂದ ಅಲ್ಲ, ಪ್ರತಿ ಸಲವೂ ಕೈಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿ. ಯಾವ ಮೆಟ್ಟಿಲಿನಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಜಾಸ್ತಿ ಓಡುತ್ತದೋ ತಪ್ಪು ಅಲ್ಲಿದೆ, ಅದರ ಮೇಲಿರುವುದನ್ನು ಮುಟ್ಟಬೇಡಿ.

ಅರೆಬರೆ ಫಿಟ್ಟರ್

ಬೈಸಿಕೊಳ್ಳುವುದು ಗ್ಯಾರಂಟಿ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಮೂಲೆಮಟ್ಟ ಅವರು ಕೇಳಿದ್ದಕ್ಕೆ ಉತ್ತರ: ಹೌದು, ಮಾಡಿದ್ದೇನೆ. ಎರಡು ತಿಂಗಳ ಹಿಂದೆ ಒಂದು ಪಟ್ಟಿಯಲ್ಲಿ ಉದ್ದನೆ ಕಂಡಿ ಬೇಕಿತ್ತು. ಚಕ್‌ನಲ್ಲಿ 8 ಎಂಎಂ ಎಂಡ್ ಮಿಲ್ (ಪಕ್ಕಕ್ಕೂ ಕೊರೆಯುವ ಮಿಲ್ಲಿಂಗ್ ಕಟರ್) ಹಿಡಿಸಿ, ವೈಸ್ ಸಮೇತ ಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತಾ ಕೊರೆದೆ. ಕಂಡಿ ಹಾವು ಹರಿದ ಹಾಗೆ ಬಂತು, ಅವತ್ತೇ ಚಕ್ ಮೊದಲ ಸಲ ಬಿದ್ದಿದ್ದು.

ಮೂಲೆಮಟ್ಟ

ಅದೇ ಅಂದುಕೊಂಡೆ. ಬೈಯುವುದೇನು, ಅರ್ಧ ಜನ ಒಂದಲ್ಲ ಒಂದು ದಿನ ಇದನ್ನು ಮಾಡಿಯೇ ಇರುತ್ತಾರೆ.

ಮಿಲ್ಲಿಂಗ್ ಮಷಿನ್‌ನಲ್ಲಿ ಟೇಪರ್ ಅನ್ನು ಮೇಲಿನಿಂದ ಒಂದು ಉದ್ದ ಬೋಲ್ಟ್ ಎಳೆದು ಹಿಡಿದಿರುತ್ತದೆ. ನಮ್ಮ ಡ್ರಿಲ್‌ನಲ್ಲಿ ಅದಿಲ್ಲ. ಪಕ್ಕಕ್ಕೆ ತಳ್ಳಿದರೆ ಪ್ರತಿ ಸುತ್ತಿಗೂ ಆರ್ಬರ್ ಒಳಗೇ ಕುಲುಕುತ್ತದೆ, ಕುಲುಕಿ ಕುಲುಕಿ ಸಡಿಲವಾಗುತ್ತದೆ. ಸಡಿಲವಾದದ್ದು ಒಂದು ಕ್ಷಣ ನಿಂತು ಸ್ಪಿಂಡಲ್ ಮಾತ್ರ ತಿರುಗಿದರೆ ಉಕ್ಕಿಗೆ ಉಕ್ಕು ಉಜ್ಜಿ ಮೈ ಕಿತ್ತುಬರುತ್ತದೆ. ಹಾಗೆ ಕಿತ್ತ ಕಡೆ ಒಂದು ಸಣ್ಣ ಗುಬುಟು ಎದ್ದಿರುತ್ತದೆ. ಕೂದಲೆಳೆಯಷ್ಟೇ ಇರಬಹುದು, ಆದರೆ ಆರ್ಬರ್ ಪೂರ್ತಿ ಒಳಗೆ ಕೂರದ ಹಾಗೆ ಅದು ತಡೆಯುತ್ತದೆ. ಇಡೀ ಟೇಪರ್ ತಾಗುವ ಬದಲು ಅದೊಂದೇ ತಾಗುತ್ತದೆ.

ಹುಡುಕುವುದು ಹೀಗೆ. ಒಂದು ಕಡ್ಡಿಗೆ ಹತ್ತಿ ಸುತ್ತಿ ಸಾಕೆಟ್ ಒಳಗೆ ಮೆಲ್ಲಗೆ ಸುತ್ತಾ ಎಳೆಯಿರಿ. ಎಲ್ಲಿ ಗುಬುಟು ಇದೆಯೋ ಅಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಬೆರಳಿಗೆ ತಿಳಿಯದ್ದು ಹತ್ತಿಗೆ ತಿಳಿಯುತ್ತದೆ. ಆರ್ಬರ್ ಮೇಲೆ ಬಾಲದಿಂದ ಬುಡದವರೆಗೆ ಮಾರ್ಕರ್‌ನಲ್ಲಿ ಮೂರು ಉದ್ದ ಗೆರೆ ಎಳೆದು, ಒಣಗಿದ ಮೇಲೆ ಒಳಗೆ ತಳ್ಳಿ, ಬಾಲ ಬಿಟ್ಟಷ್ಟು ಅತ್ತಿತ್ತ ತಿರುಗಿಸಿ ತೆಗೆಯಿರಿ. ಗೆರೆ ಉದ್ದಕ್ಕೂ ಸಮನಾಗಿ ಅಳಿಸಿದ್ದರೆ ಒಳ್ಳೆಯದು. ಒಂದೇ ಚುಕ್ಕೆಯಲ್ಲಿ ಅಳಿಸಿದ್ದರೆ ಕಳ್ಳ ಸಿಕ್ಕ.

ಆರ್ಬರ್ ಮೇಲಿನದನ್ನು ಎಣ್ಣೆ ಹಾಕಿದ ನುಣುಪು ಸಾಣೆಕಲ್ಲಿನಿಂದ ತೆಗೆಯಬಹುದು. ಕಲ್ಲನ್ನು ಚಪ್ಪಟೆಯಾಗಿ ಇಟ್ಟು, ಎದ್ದಿದ್ದನ್ನು ಮಾತ್ರ. ಗೀರು ಹಳ್ಳವಾಗಿ ಉಳಿದರೆ ಉಳಿಯಲಿ, ಹಳ್ಳದಿಂದ ತೊಂದರೆಯಿಲ್ಲ, ಗುಡ್ಡದಿಂದಲೇ ಎಲ್ಲ ತೊಂದರೆ. ಸಾಕೆಟ್ ಒಳಗೆ ಮಾತ್ರ ದಯವಿಟ್ಟು ಎಮರಿ ಪೇಪರ್ ಸುತ್ತಿ ಉಜ್ಜಬೇಡಿ, ಟೇಪರ್‌ನ ಆಕಾರವೇ ಕೆಡುತ್ತದೆ. ಎರಡನೇ ನಂಬರ್ ಮೋರ್ಸ್ ರೀಮರ್ (ತೂತಿನ ಒಳಗೋಡೆ ಕೆರೆದು ನುಣುಪು ಮಾಡುವ ಕಟರ್) ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ, ಕೈಯಲ್ಲೇ ತಿರುಗಿಸಿ, ಮುಂದಕ್ಕೆ ಮಾತ್ರ. ಹಿಂದಕ್ಕೆ ತಿರುಗಿಸಿದರೆ ಅದರ ಅಂಚು ಸಾಯುತ್ತದೆ. ಗುಬುಟು ಹೋದ ಕೂಡಲೇ ನಿಲ್ಲಿಸಿ. ಹೊಸ ಟೇಪರ್ ಮಾಡುವ ಆಸೆ ಬೇಡ.

ಗರಗಸ

ನಡುವೆ ಬಾಯಿ ಹಾಕುತ್ತಿದ್ದೇನೆ. ಚಕ್ ಬೀಳುವುದರ ಬಗ್ಗೆ ಮಾತು ಮುಗಿಯಿತು, ಆದರೆ ಎರಡನೇ ತೊಂದರೆಯನ್ನು ಯಾರೂ ನೋಡಲಿಲ್ಲ. 6 ಎಂಎಂ ಬಿಟ್‌ನಲ್ಲಿ ತೂತು ಹೆಚ್ಚುಕಡಿಮೆ ಸರಿಯಿದೆ, 10 ಎಂಎಂನಲ್ಲಿ ಮಾತ್ರ 0.4 ದೊಡ್ಡದು ಅಂತ ಪ್ರಶ್ನೆಯಲ್ಲೇ ಇದೆ. ಮಷಿನ್ ಒಂದೇ, ಚಕ್ ಒಂದೇ. ಹಾಗಾದರೆ ತಪ್ಪು ಬಿಟ್‌ನಲ್ಲಿ ಇರಬೇಕಲ್ವಾ? ಆ 10 ಎಂಎಂ ಬಿಟ್ ಅನ್ನು ನೀವೇ ಸಾಣೆ ಹಿಡಿದಿದ್ದಾ?

ಅರೆಬರೆ ಫಿಟ್ಟರ್

ಹೌದು ಸಾರ್. ಗ್ರೈಂಡರ್‌ನಲ್ಲಿ ನಾನೇ. ಚೆನ್ನಾಗಿ ಹರಿತವಾಗಿದೆ, ಉಗುರಿನ ಮೇಲೆ ಇಟ್ಟರೆ ಕೆರೆಯುತ್ತದೆ.

ಅಳತೆಗಳು ಬಂದಿವೆ. ಬೆಲ್ಟ್ ತೆಗೆದು ತಿರುಗಿಸಿದೆ, ಬೇರಿಂಗ್ ಬೆಣ್ಣೆಯ ಹಾಗಿದೆ. ಪುಲ್ಲರ್ ವಾಪಸ್ ಕೊಟ್ಟೆ. ಸಾಕೆಟ್ ಒಳಗೆ ಗೇಜ್ ಮುಳ್ಳು 0.02 ಓಡಿತು. ಆರ್ಬರ್ ಮೇಲೆ 0.15! ಚಕ್ ಹಿಡಿಸಿ ರಾಡ್ ಮೇಲೆ 0.25. ಹತ್ತಿ ಪರೀಕ್ಷೆ ಮಾಡಿದೆ. ಸಾಕೆಟ್ ಬಾಯಿಯಿಂದ ಒಂದು ಬೆರಳು ಒಳಗೆ ಎಳೆ ಸಿಕ್ಕಿಕೊಂಡಿತು, ಟಾರ್ಚ್ ಹಾಕಿದರೆ ಹೊಳೆಯುವ ಚುಕ್ಕೆ. ಆರ್ಬರ್ ಮೇಲೂ ಅದೇ ಎತ್ತರದಲ್ಲಿ ಅದರ ಜೋಡಿ. ಮಾರ್ಕರ್ ಗೆರೆ ಅಲ್ಲಿ ಮಾತ್ರ ಅಳಿಸಿದೆ, ಉಳಿದ ಕಡೆ ಹಾಗೇ ಇದೆ.

ಗರಗಸ

ಹರಿತ ಬೇರೆ, ಸಮ ಬೇರೆ. ಬಿಟ್‌ನ ತುದಿಯಲ್ಲಿ ಎರಡು ತುಟಿ (ಕೊರೆಯುವ ಅಂಚು) ಇರುತ್ತವೆ. ಒಂದು ತುಟಿ ಇನ್ನೊಂದಕ್ಕಿಂತ ಉದ್ದ ಆದರೆ ತುದಿಯ ಮೂತಿ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಬಿಟ್ ಆ ಮೂತಿಯ ಸುತ್ತ ತಿರುಗಲು ನೋಡುತ್ತದೆ, ಉದ್ದ ತುಟಿ ಜಾಸ್ತಿ ಅಗಲ ಕೊರೆಯುತ್ತದೆ. ಮೂತಿ 0.2 ಸರಿದರೆ ತೂತು 0.4ರ ತನಕ ದೊಡ್ಡದಾಗಬಹುದು. ನಿಮ್ಮ ಲೆಕ್ಕ ಅಲ್ಲಿಗೇ ಬರುತ್ತದೆ ನೋಡಿ.

ಗೇಜ್ ಬೇಡ, ಕೊರೆಯುವಾಗ ಮೇಲೆ ಬರುವ ಸುರುಳಿ ನೋಡಿ. ಬಿಟ್ ಸಮ ಇದ್ದರೆ ಎರಡು ಕಂಡಿಯಿಂದಲೂ ಎರಡು ಸುರುಳಿ ಒಟ್ಟಿಗೆ ಏಳುತ್ತವೆ. ಒಂದರಿಂದ ಸುರುಳಿ, ಇನ್ನೊಂದರಿಂದ ಬರೀ ಪುಡಿ ಅಥವಾ ಏನೂ ಇಲ್ಲ ಅಂದರೆ ಒಂದೇ ತುಟಿ ದುಡಿಯುತ್ತಿದೆ.

ಸಾಣೆ ಹಿಡಿಯುವಾಗ ಮಾಮೂಲಿ ಬಿಟ್‌ನ ತುದಿ ಕೋನ 118 ಡಿಗ್ರಿ. ಅಷ್ಟು ನೋಡಲು ಏನೂ ಕೊಳ್ಳಬೇಕಿಲ್ಲ. ಒಂದೇ ಅಳತೆಯ ಎರಡು ಆರು ಮೂಲೆಯ ನಟ್ ತೆಗೆದುಕೊಂಡು ಚಪ್ಪಟೆ ಮಗ್ಗುಲಿಗೆ ಚಪ್ಪಟೆ ಮಗ್ಗುಲು ಸೇರಿಸಿ ಹಿಡಿಯಿರಿ. ಎರಡರ ನಡುವೆ ಬರುವ ಕಣಿವೆ ಸರಿಯಾಗಿ 120 ಡಿಗ್ರಿ. ಬಿಟ್ ತುದಿಯನ್ನು ಅದರಲ್ಲಿ ಕೂರಿಸಿ ಬೆಳಕಿಗೆ ಹಿಡಿದರೆ ಯಾವ ಕಡೆ ಸಂದು ಇದೆ ಅಂತ ಕಾಣುತ್ತದೆ. ಎರಡು ಡಿಗ್ರಿ ವ್ಯತ್ಯಾಸಕ್ಕೆ ನಮ್ಮ ಕೆಲಸ ನಿಲ್ಲುವುದಿಲ್ಲ. ಕೋನ ಸರಿಯಾದ ಮೇಲೆ ತುಟಿಯ ಉದ್ದವನ್ನು ಸ್ಟೀಲ್ ಸ್ಕೇಲ್‌ನಲ್ಲಿ ನೋಡಿ, ಎರಡೂ ಒಂದೇ ಇರಬೇಕು. ಕೋನ ಸರಿಯಿದ್ದು ಉದ್ದ ತಪ್ಪುವುದೇ ಹೆಚ್ಚು, ಯಾಕೆಂದರೆ ಕೈಯಲ್ಲಿ ಹಿಡಿಯುವಾಗ ಒಂದು ಬದಿಯನ್ನು ಗೊತ್ತಿಲ್ಲದೆ ಜಾಸ್ತಿ ಒತ್ತುತ್ತೇವೆ. ಗಿಡ್ಡ ಇರುವ ಬದಿಯನ್ನೇ ಇನ್ನೊಂದೆರಡು ಸಲ ಕಲ್ಲಿಗೆ ತಾಗಿಸಿ, ಸವೆದಷ್ಟೂ ಆ ತುಟಿ ಉದ್ದವಾಗುತ್ತದೆ.

ತುಟಿಯ ಹಿಂದಿನ ಬೆನ್ನು 8ರಿಂದ 12 ಡಿಗ್ರಿ ಇಳಿದಿರಬೇಕು. ಇಳಿಯದಿದ್ದರೆ ಬೆನ್ನೇ ಮೊದಲು ತಾಗಿ, ನೀವು ಎಷ್ಟು ಒತ್ತಿದರೂ ಬಿಟ್ ಬರೀ ಕಿರುಚುತ್ತದೆ.

ಟಕಾಟಕ್

ನಟ್‌ನ ಉಪಾಯ ಇಷ್ಟು ವರ್ಷಕ್ಕೆ ಇವತ್ತು ಗೊತ್ತಾಯಿತು. ಈಗಲೇ ನನ್ನ ಬಿಟ್‌ಗಳನ್ನೆಲ್ಲ ನೋಡಿದೆ. ಏನು ಕಂಡಿತು ಅಂತ ಕೇಳಬೇಡಿ. ಲಾಕ್‌ಟೈಟ್ ವಿಷಯವನ್ನೂ ಕೇಳಬೇಡಿ.

ತುಕ್ಕು

ಫಿಟ್ಟರ್ ಅವರೇ, 0.02ರಿಂದ 0.15ಕ್ಕೆ ಜಿಗಿದಿದ್ದು ಆರ್ಬರ್ ಹಾಕಿದಾಗ, ಅಂದರೆ ಆ ಗುಬುಟಿನ ಮೇಲೆ ಆರ್ಬರ್ ವಾಲಿಕೊಂಡು ಕೂತಿದೆ. ಅದು ಹೋದರೆ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ. ಕೊನೆಗೆ ರಾಡ್ ಮೇಲೆ 0.1ರ ಆಸುಪಾಸು ಬಂದರೆ ಖುಷಿಪಡಿ, ಸಾಧಾರಣ ಚಕ್ ಅದಕ್ಕಿಂತ ಒಳ್ಳೆಯದು ಕೊಡುವುದು ಕಷ್ಟ.

ವಾಪಸ್ ಹಾಕುವಾಗ ಒಂದು ಮಾತು. ಆರ್ಬರ್ ಬಾಲ ಮೇಲಿನ ಕಂಡಿಗೆ ಸರಿಯಾಗಿ ಹೊಂದಬೇಕು. ಹೊಂದದೆ ಅಡ್ಡ ಕೂತರೆ ಬಾಲ ಮೇಲೆ ತಾಗಿ ನಿಂತು ಟೇಪರ್ ಕಚ್ಚುವುದೇ ಇಲ್ಲ, ಹೊರಗಿನಿಂದ ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಮೆಲ್ಲಗೆ ತಿರುಗಿಸುತ್ತಾ ಮೇಲೆ ತಳ್ಳಿ, ಬಾಲ ಕಂಡಿಗೆ ಬಿದ್ದಿದ್ದು ಕೈಗೆ ಗೊತ್ತಾಗುತ್ತದೆ. ಚಕ್‌ನ ಮೂರು ದವಡೆಯನ್ನೂ ಪೂರ್ತಿ ಒಳಗೆ ಎಳೆದುಕೊಂಡು, ಕೆಳಗಿನಿಂದ ಮರದ ಸುತ್ತಿಗೆಯಲ್ಲಿ ಒಂದೇ ಗಟ್ಟಿ ಏಟು. ದವಡೆ ಹೊರಗಿದ್ದಾಗ ಹೊಡೆದರೆ ಏಟು ದವಡೆಗೆ ಬಿದ್ದು ಚಕ್ ಶಾಶ್ವತವಾಗಿ ಕೆಡುತ್ತದೆ. ಕಬ್ಬಿಣದ ಸುತ್ತಿಗೆ ಹತ್ತಿರಕ್ಕೂ ತರಬೇಡಿ.

ಮತ್ತೆ ನೀವು 10 ಎಂಎಂ ಬಿಟ್ ಅನ್ನು ಯಾವ ಸ್ಪೀಡ್‌ನಲ್ಲಿ ಓಡಿಸುತ್ತೀರಿ? ಎಂಎಸ್ (ಮೆದು ಉಕ್ಕು) ಪಟ್ಟಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಆದರೆ 8000 ಅನ್ನು ಬಿಟ್‌ನ ಎಂಎಂನಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರುತ್ತದೆ. 10 ಎಂಎಂಗೆ 800, 6ಕ್ಕೆ 1300ರ ಹತ್ತಿರ. ಸ್ಟೇನ್‌ಲೆಸ್ ಆದರೆ ಅದರ ಅರ್ಧಕ್ಕಿಂತ ಕಡಿಮೆ. ಪುಲ್ಲಿ ಬದಲಾಯಿಸಲು ಸೋಮಾರಿತನ ಮಾಡಿ ಎಲ್ಲವನ್ನೂ ಒಂದೇ ಸ್ಪೀಡ್‌ನಲ್ಲಿ ಕೊರೆದರೆ ಬಿಟ್ ನೀಲಿಯಾಗುತ್ತದೆ.

ಅರೆಬರೆ ಫಿಟ್ಟರ್

ಭಾನುವಾರದ ವರದಿ.

ಸೋಮಾರಿತನ ಒಪ್ಪಿಕೊಂಡೆ, ಬೆಲ್ಟ್ ಮಷಿನ್ ಬಂದ ದಿನದಿಂದ ಒಂದೇ ಮೆಟ್ಟಿಲಿನಲ್ಲಿತ್ತು. ಎಷ್ಟರ ಮಟ್ಟಿಗೆ ಅಂದರೆ ತೆಗೆದು ನೆಲದ ಮೇಲಿಟ್ಟರೂ ಪುಲ್ಲಿಯ ಆಕಾರದಲ್ಲೇ ಬಾಗಿ ಕೂತಿತ್ತು. ಅದನ್ನೂ ಬದಲಾಯಿಸಿದೆ, ಮಷಿನ್ ನಡುಗುವುದು ಅರ್ಧ ಕಡಿಮೆಯಾಯಿತು.

ರೀಮರ್ ಒಬ್ಬ ಟರ್ನರ್ ಹತ್ತಿರ ಸಿಕ್ಕಿತು, ನಾಲ್ಕೇ ಸುತ್ತು ತಿರುಗಿಸಿದೆ. ಮೊದಲ ಸುತ್ತಿಗೆ ಕರಕ್ ಅಂತ ಒಂದು ಕಡೆ ಕಚ್ಚಿತು, ಮೂರನೆಯದಕ್ಕೆ ಆ ಶಬ್ದ ಇಲ್ಲ. ಹೊರಗೆ ತೆಗೆದರೆ ಅದರ ಕಂಡಿಯಲ್ಲಿ ಎಳ್ಳಿಗಿಂತ ಸಣ್ಣ ಒಂದು ಲೋಹದ ಚೂರು. ಇಷ್ಟಕ್ಕೆ ಎರಡು ತಿಂಗಳು ಒದ್ದಾಡಿದ್ದು. ಆರ್ಬರ್ ಅನ್ನು ಕಲ್ಲಿಗೆ ಉಜ್ಜಿ, ಎಲ್ಲ ಒಣಗಿಸಿ ಒರೆಸಿ ಹಾಕಿದೆ. ಮಾರ್ಕರ್ ಗೆರೆ ಈಗ ಮೂರೂ ಕಡೆ ಉದ್ದಕ್ಕೂ ಅಳಿಸುತ್ತಿದೆ. ಆರ್ಬರ್ ಮೇಲೆ 0.03, ರಾಡ್ ಮೇಲೆ 0.11. ಹದಿನೈದು ತೂತು ಕೊರೆದೆ, ಚಕ್ ಬಿದ್ದಿಲ್ಲ. ಕೊನೆಗೆ ತೆಗೆಯೋಣ ಅಂತ ಡ್ರಿಫ್ಟ್ ಹಾಕಿದರೆ ಮೂರು ಏಟು ಬೇಕಾಯಿತು.

ಬಿಟ್ ವಿಷಯ: ನಟ್‌ನಲ್ಲಿ ಇಟ್ಟರೆ ಕೋನ ಪರವಾಗಿಲ್ಲ, ತುಟಿಯ ಉದ್ದ ಮಾತ್ರ ಕಣ್ಣಿಗೇ ಕಾಣುವಷ್ಟು ಹೆಚ್ಚುಕಡಿಮೆ. ಗರಗಸ ಅವರು ಹೇಳಿದ ಹಾಗೆ ಒಂದು ಬದಿಯನ್ನು ಜಾಸ್ತಿ ಒತ್ತಿದ ತಪ್ಪೇ. ತಿದ್ದಿದ ಮೇಲೆ ಎರಡು ಸುರುಳಿ ಒಟ್ಟಿಗೆ ಎದ್ದಿದ್ದು ನೋಡಿ ನಾನು ಲಿವರ್ ಬಿಟ್ಟು ಸುಮ್ಮನೆ ನಿಂತಿದ್ದೆ. ತೂತು 10.1. ಬೋಲ್ಟ್ ಹೆಬ್ಬೆರಳಿನಲ್ಲಿ ಒತ್ತಿದರೆ ಹೋಗುತ್ತದೆ.

ಒಂದೇ ಅನುಮಾನ ಉಳಿದಿದೆ. ಗ್ರೀಸ್ ಇಲ್ಲದೆ ಆರ್ಬರ್ ಒಳಗೇ ತುಕ್ಕು ಹಿಡಿದು ಸಿಕ್ಕಿಕೊಂಡರೆ?

ಮೂಲೆಮಟ್ಟ

ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ವಾಪಸ್ ಹಾಕಿ, ಸಿಕ್ಕಿಕೊಳ್ಳುವುದಿಲ್ಲ. ಮಷಿನ್ ಅನ್ನು ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂದರೆ ಆರ್ಬರ್ ತೆಗೆದು ಎರಡಕ್ಕೂ ತೆಳುವಾಗಿ ಎಣ್ಣೆ ಸವರಿ ಬೇರೆ ಬೇರೆ ಇಡಿ, ಹಾಕುವ ದಿನ ಮತ್ತೆ ಥಿನ್ನರ್. ಆ ಎಂಡ್ ಮಿಲ್ ಎಲ್ಲಿದೆ?

ಅರೆಬರೆ ಫಿಟ್ಟರ್

ರೀಮರ್ ವಾಪಸ್ ಕೊಡುವಾಗ ಅದನ್ನೂ ಟರ್ನರ್ ಕೈಗೇ ಕೊಟ್ಟು ಬಂದೆ ಸಾರ್.